ನಮ್ಮ ಕಚೇರಿಯ ಇಲ್ಲಮ್ಮ

ಎದುರಿನವರ ವಾಕ್ಯ ಕ್ರಿಯಾಪದವನ್ನು ಮುಟ್ಟುವ ಮೊದಲೇ ‘ಇಲ್ಲ’ ಎಂದುಬಿಡುವುದು ಅವಳ ಜಾಯಮಾನ. ಹಾಗಾಗಿ ಬೆನ್ನ ಹಿಂದೆ ನಾವೆಲ್ಲ ಅವಳನ್ನು ಇಲ್ಲಮ್ಮ ಎನ್ನುತ್ತಿದ್ದೆವು. ಅದು ಅವಳಿಗೂ ಗೊತ್ತಿತ್ತು. ಮೊಣಕೈ ಸವೆದ ಬೂದುಬಣ್ಣದ ಸ್ವೆಟರನ್ನು ಬೇಸಿಗೆಯಲ್ಲೂ ಬಿಡದೆ ತೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಅಪ್ಪಳಿಸುತ್ತ ಅವಳು ಕಾರಿಡಾರಿನಲ್ಲಿ ಬರುವ ಸದ್ದು ಕೇಳಿಸಿತೆಂದರೆ, ಮುಗಿಯಿತೆಂದು ನಾವು ನಿಟ್ಟುಸಿರು ಬಿಟ್ಟ ಕೆಲಸವೊಂದು ಮುಗಿದಿಲ್ಲವೆಂದೇ ಅರ್ಥ.

ಆಗ ನಾವು, ಮನೆಯೊಳಗೇ ಹಿಂಸೆ ಅನುಭವಿಸುವ ಹೆಂಗಸರು ಸಹಾಯಕೇಂದ್ರದ ಸಮಾಲೋಚಕಿಗೆ ಗುಟ್ಟಾಗಿ ಬರೆಯಬಹುದಾದ ಆ್ಯಪ್ ಒಂದನ್ನು ಕಟ್ಟುತ್ತಿದ್ದೆವು. ಸಂದೇಶವನ್ನು ಗೂಢಲಿಪಿಗೆ ತಿರುಗಿಸುವ ಗಣಿತಕ್ಕೆ ಬಲ್ಲವರು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಒರೆಗೆ ಹಚ್ಚಿದ ಲೈಬ್ರರಿ, ಅಂದರೆ ಯಾರು ಬೇಕಾದರೂ ಎತ್ತಿ ಬಳಸಬಹುದಾದ ಕೋಡಿನ ಕಟ್ಟು, ಸಿದ್ಧವಿತ್ತು. ಫೋನು, ಕಂಪ್ಯೂಟರು, ಬ್ರೌಸರುಗಳೆಲ್ಲ ತಂತಮ್ಮ ಭಾಷೆಯಲ್ಲೇ ಅದನ್ನು ಕರೆಯುವಂತೆ ಮೇಲೊಂದು ಹೊದಿಕೆ ಬರೆಯುವುದು ಅವಳ ಪಾಲಿನ ಕೆಲಸ. ಕೇಳಿದರೆ ದಿಂಬಿಗೆ ಗವಸು ತೊಡಿಸಿದಷ್ಟು ಸಲೀಸು. ಅವಳ ಕೈಯಲ್ಲಿ ಅದು ಹನುಮಂತನ ಬಾಲವಾಯಿತು. ಕೇಂದ್ರಕ್ಕೆ ದಿನಾಂಕದ ಮಾತು ಕೊಟ್ಟು ಸಿಕ್ಕಿಬಿದ್ದವನು ನಾನು.

ಹಳೆಯ ಫೋನಿನಲ್ಲೂ ಪರೀಕ್ಷಿಸಲೇಬೇಕೆಂದು ಹಠಹಿಡಿದು ಅವಳು ಅತ್ತೆಯ ಫೋನನ್ನೇ ತಂದಿಟ್ಟುಕೊಂಡಳು. ಆ ಹಿರಿಯರು ಪಕ್ಕದ ಮನೆಯಿಂದ ಕಚೇರಿಗೆ ಕರೆ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು: “ನೋಡಪ್ಪಾ, ನನ್ನ ಫೋನಿಗೆ ಬಿಡುಗಡೆ ಯಾವಾಗ? ಕೇಳಿದ್ರೆ ‘ಇನ್ನೂ ಇಲ್ಲ ಅತ್ತೆ’ ಅಂತಾಳೆ. ಇವಳು ಕುಕ್ಕರಿನ ಗ್ಯಾಸ್ಕೆಟ್ ಪರೀಕ್ಷೆ ಮಾಡಿ ಮುಗಿಸೋ ಹೊತ್ತಿಗೆ ನಮ್ಮ ಹಸಿವೇ ಸತ್ತಿರುತ್ತೆ!”

ಆ್ಯಪ್ ಬಿಡುಗಡೆಯ ಹಿಂದಿನ ದಿನ, ಸಮಾಲೋಚಕಿಯೂ ಬಂದು ಕುಳಿತಿದ್ದ ಸಭೆಗೆ ಅವಳು ಆ ಫೋನು ಹಿಡಿದೇ ನುಗ್ಗಿದಳು.

“ಇದರಲ್ಲಿ ಮೆಸೇಜು ಒಮ್ಮೊಮ್ಮೆ ತೆರೆಯೋದಿಲ್ಲ. ನಾಳೆ ಬಿಡೋ ಹಾಗಿಲ್ಲ.”

ಮ್ಯಾನೇಜರು ತಲೆಯ ಮೇಲೆ ಕೈಹೊತ್ತರು. “ಈ ಕಾಲದಲ್ಲಿ ಇಂಥ ಡಬ್ಬಾ ಫೋನು ಯಾರ ಹತ್ರ ಇರುತ್ತಮ್ಮಾ?”

“ಗಂಡ ಹೊಸಾದು ತಗೊಂಡ್ಮೇಲೆ ಹೆಂಡ್ತಿ ಕೈಗೆ ಬರೋದು ಯಾವುದು ಸಾರ್?”

ಸಮಾಲೋಚಕಿ ಮೆಲ್ಲನೆ ತಲೆದೂಗಿದರು. ಮ್ಯಾನೇಜರು ಕೊನೆಯ ಅಸ್ತ್ರ ಬಿಟ್ಟರು: “ತಪ್ಪು ಲೈಬ್ರರೀದಲ್ವಾ? ಅದನ್ನ ಬರೆದೋರಿಗೇ ಹೇಳು.”

“ಲೈಬ್ರರಿ ಸರಿಯಾಗೇ ಇದೆ. ತಪ್ಪು ನಂದು.”

ಸಂದೇಶದ ಉದ್ದವನ್ನು ಲೈಬ್ರರಿ ಹಳೆಯ ಫೋನಿನಲ್ಲಿ ನಾಲ್ಕು ಬೈಟುಗಳಲ್ಲಿ, ಎಂದರೆ ನಾಲ್ಕು ಪುಟ್ಟ ಖಾನೆಗಳಲ್ಲಿ, ಬರೆದಿಡುತ್ತದೆ. ಇವಳ ಹೊದಿಕೆ ಹೊಸ ಫೋನಿನಲ್ಲಿರುವಂತೆ ಎಂಟನ್ನು ಓದುತ್ತಿತ್ತು. ಉಳಿದ ಜಾಗ ಖಾಲಿಯಿದ್ದರೆ ಸರಿ, ಕಸವಿದ್ದರೆ ಸಂದೇಶ ಹಾಳು. ಇಷ್ಟನ್ನು ಹೇಳುವಾಗ ಅವಳ ದನಿಯಲ್ಲಿ ಸಂಕೋಚದ ಲವಲೇಶವೂ ಇರಲಿಲ್ಲ. ಒಂದಿಷ್ಟು ತಡವರಿಸಿದ್ದರೆ, ‘ಸಾರಿ’ ಎಂದಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ತನ್ನ ತಪ್ಪಿಗೂ ನಮ್ಮನ್ನೇ ಗದರುವವಳಂತೆ ನಿಂತವಳನ್ನು ಏನು ಮಾಡುವುದು?

ತಿದ್ದಲು ಅರ್ಧದಿನ ಸಾಕಾಯಿತು. ಆದರೆ ಅಲ್ಲೊಂದು ತಪ್ಪಿದ್ದ ಮೇಲೆ ಬೇರೆಡೆ ಏಕಿರಬಾರದೆಂದು ಅವಳು ಎಲ್ಲ ಹೊದಿಕೆಗಳನ್ನೂ ಮೊದಲಿನಿಂದ ಬಿಚ್ಚಿ ನೋಡತೊಡಗಿದಳು. ವಾರಗಳು ಉರುಳಿದವು. ಕೇಂದ್ರಕ್ಕೆ ಕರೆ ಮಾಡಿ ಹಲ್ಲುಗಿಂಜುವ ಕರ್ಮ ನನ್ನದಾಯಿತು.

ಕೊನೆಗೂ ಆ್ಯಪ್ ಹೊರಬಂತು. ಕೆಲವೇ ದಿನಗಳಲ್ಲಿ ಸಮಾಲೋಚಕಿಯ ಕರೆ ಬಂತು: “ಹಳೇ ಫೋನಿಂದಲೇ ಒಬ್ಬರು ಬರೆದಿದ್ರು. ಹೆಚ್ಚು ಹೇಳೋ ಹಾಗಿಲ್ಲ. ಮಕ್ಕಳ ಸಮೇತ ಈಗ ಕ್ಷೇಮವಾಗಿದ್ದಾರೆ.” ಓಡಿಹೋಗಿ ಅವಳಿಗೆ ತಿಳಿಸಿದೆ. ಅವಳು ಪರದೆಯಿಂದ ಕಣ್ಣು ಕೀಳದೆ ಕೇಳಿದಳು: “ಮೆಸೇಜು ತೆರೆಯೋಕೆ ಎಷ್ಟು ಹೊತ್ತು ಹಿಡೀತಂತೆ?”

ಇಂಥವರನ್ನು ಮೆಚ್ಚಬಹುದು, ಇಷ್ಟಪಡುವುದು ಮಾತ್ರ ಕಷ್ಟ. ಇವರ ಮಮತೆಯೆಲ್ಲ, ಎಲ್ಲೋ ಬಾಗಿಲು ಹಾಕಿಕೊಂಡು ಕುಳಿತ ಹೆಸರರಿಯದ ಯಾರೋ ಒಬ್ಬರ ಕಡೆಗೆ ಹರಿದುಹೋಗಿ, ಎದುರಿಗಿರುವವರಿಗೆ ಒಂದು ಹನಿಯೂ ಉಳಿದಿರುವುದಿಲ್ಲ. ಆ ಕಾಣದವರು ಇವರನ್ನು ಎಂದೂ ಅರಿಯರು. ಅರಿತವರು ನಾವು, ಪಕ್ಕದ ಕುರ್ಚಿಯವರು. ಹಲ್ಲು ಕಚ್ಚಿ ಸಹಿಸಿಕೊಳ್ಳುವುದೇ ನಮ್ಮಿಂದ ಅವರಿಗೆ ಸಲ್ಲುವ ಸನ್ಮಾನ.