ದಿಬ್ಬದ ಮೇಲಿನ ಹುಲ್ಲು

"ಏ ರಂಡೇ, ಕಾಲ್ ತಗೀ! ಹುಲ್ಲಿನ ಮ್ಯಾಲ ನಿಂತೀಯಲ್ಲ, ಕಣ್ಣು ಹ್ವಾದವೇನು?"

ಮೇಸ್ತ್ರಿ ಬಂಡು ಒದರಿದ. ಲಲಿತಾಬಾಯಿ ಕಾಲು ತೆಗೆದಳು. ಬೈಗುಳ ಅವಳಿಗೆ ತಾಗಲೇ ಇಲ್ಲ. ಕಿಬ್ಬೊಟ್ಟೆ ಮಾತ್ರ ಬೆಳಗಿನಿಂದ ಉರಿಯುತ್ತಿತ್ತು.

ಕಮಲಾಪುರದಾಚೆ ಹಿನ್ನೀರಿನ ದಂಡೆಯಲ್ಲಿ ಕಲಬುರಗಿಯ ಮೃದುಲಾ ಮೇಡಂ ಬಂಗಲೆ ಕಟ್ಟಿಸಿದ್ದರು. ನೀರಿಗೂ ಬಂಗಲೆಗೂ ನಡುವೆ ಗಾಳಿ ಒಟ್ಟಿದ ಮರಳಿನ ದಿಬ್ಬ. ಅದು ಕುಸಿದರೆ ಮಳೆಗಾಲದ ನೀರು ನೆಟ್ಟಗೆ ಪಡಸಾಲೆಗೇ ಬರುತ್ತದೆ. ಅದಕ್ಕೇ ಸುತ್ತ ಮುಳ್ಳುಬೇಲಿ, ಮೈತುಂಬ ಹುಲ್ಲು, ಕಂಬಕ್ಕೊಂದು ಕ್ಯಾಮೆರಾ. ಎಂಟು ಹೆಂಗಸರು ದಿನವೆಲ್ಲ, ನೆಟ್ಟದ್ದು ತುಳಿಯದಂತೆ ಹಲಗೆಯ ಮೇಲೆ ಕೂತು, ಹುಲ್ಲು ನೆಡುತ್ತಿದ್ದರು. ಆ ಬಟ್ಟಬಯಲಿನಲ್ಲಿ ಪಕ್ಕದ ತಾಂಡಾದ ಹೆಂಗಸರಿಗೆ ಬಯಲಕಡೆ ಕೂಡಲು ಮರೆ ಅಂತ ಇದ್ದದ್ದೇ ಆ ದಿಬ್ಬ. ಅದನ್ನು ಯಾರು ಕೇಳಬೇಕು?

ಹೀಗಾಗಿ ಕೆಲಸಕ್ಕೆ ಬಂದವರಾರೂ ನೀರು ಕುಡಿಯುತ್ತಿರಲಿಲ್ಲ. ಲಲಿತಾಬಾಯಿಗೆ ಉರಿಮೂತ್ರ ಹತ್ತಿ, ಹೋದ ವಾರ ರಕ್ತವೂ ಕಂಡಿತ್ತು. "ನೀರು ಕುಡಿ, ತಡಕೊಂಡು ಕೂಡಬ್ಯಾಡ. ಕಿಡ್ನಿ ಹೋಗ್ತಾವ ನೋಡು" ಅಂತ ಕಲಬುರಗಿಯ ಡಾಕ್ಟರಮ್ಮ ಗದರಿದ್ದರು. ಇವತ್ತು ಧೈರ್ಯ ಮಾಡಿ ಎರಡು ತಂಬಿಗೆ ಕುಡಿದುಬಿಟ್ಟಿದ್ದಳು.

"ಮೇಡಂ, ಒಂದ್ಸಲ ಸಂಡಾಸಿಗಿ ಹೋಗಿ ಬರ್ತೀನ್ರೀ."

ಮೃದುಲಾ ಹುಲ್ಲಿನ ಫೋಟೊ ಹೊಡೆಯುತ್ತಿದ್ದರು. "ನಮ್ಮ ಮನ್ಯಾಗಾ? ಒಳಗ ಬೀಗರು ಬಂದಾರ. ಸಂಜೀತನ ತಡಿಯವ್ವಾ." ಆಮೇಲೆ ಬಗ್ಗಿ ಒಂದು ಎಳೆ ಮುಟ್ಟಿದರು. "ಬಂಡು, ಇದು ಬಾಡ್ಯಾದ ನೋಡು, ಪಾಪ. ಇವಕ್ಕ ದಿನಾ ಎರಡು ಸಲ ನೀರು ಬೇಕು."

ಬಂಡು ಲಲಿತಾಬಾಯಿಯ ಕಡೆ ನೋಡಿ ಕಿಸಕ್ಕೆಂದ. "ಅಷ್ಟು ಅವಸರ ಇದ್ರ ಸೀರ್ಯಾಗ ಬಿಡು."

ಪಕ್ಕದ ಅಂಬಿಕಾ ಅವಳ ಮೊಣಕೈ ಹಿಡಿದಳು. "ಕುಂದ್ರು ಯಕ್ಕಾ. ನಾಳಿಂದ ಬರಬ್ಯಾಡ ಅಂತಾರ."

ಲಲಿತಾಬಾಯಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಮಣ್ಣು ಕೆದರುವ ಖುರ್ಪಿ ಬಿಟ್ಟು ಎದ್ದಳು. ಹಲಗೆ ಬಿಟ್ಟು, ಹುಲ್ಲು ತುಳಿಯುತ್ತ ದಿಬ್ಬ ಇಳಿದಳು. ಬಂಗಲೆಯ ಮೆಟ್ಟಿಲು ಹತ್ತಿದಳು. ಚಹಾ ಕುಡಿಯುತ್ತಿದ್ದ ಬೀಗರು ಕಪ್ಪು ಹಿಡಿದೇ ನೋಡಿದರು. ಸಂಡಾಸು ಹುಡುಕಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹನಿಹನಿಯಾಗಿ ಬಂತು. ಕೆಂಪಗೆ ಬಂತು.

ಹೊರಗೆ ಬಂಡು ಬಾಗಿಲು ಬಡಿದ. "ಹೊರಗ ಬಾರೇ ಸೂಳೀ! ಒಡೀತೀನಿ ನೋಡು!"

ಹಿಂದಿನಿಂದ ಮೃದುಲಾ ದನಿ: "ಎಲ್ಲಾ ಹೊಲಸು ಮಾಡ್ತಾಳ. ಎಳದು ಹಾಕು ಹೊರಗ."

"ಇನ್ನಾ ಆಗಿಲ್ಲರೀ" ಎಂದಳು ಲಲಿತಾಬಾಯಿ.

ಎದ್ದು ನಳ ತಿರುವಿ ಒಂದು ಬೊಗಸೆ ನೀರು ಕುಡಿದಳು. ಇನ್ನೊಂದು ಬೊಗಸೆ ಕುಡಿದಳು. ಮತ್ತೆ ಹೋಗಿ ಕೂತಳು. ಚಿಲಕದ ಒಂದು ಮೊಳೆ ಕಿತ್ತು ನೆಲಕ್ಕೆ ಬಿತ್ತು.