ಮೀಟರಿಗೆ ಕಾಣದ ಬೆಳ್ಳಿ

ಟೈಲರಕ್ಕನ ಮಗಳಿಗೆ ಕೆಮ್ಮು. ಏನು ಮಾಡಿದರೂ ಬಿಡುತ್ತಿಲ್ಲ. ಗಡಿಯಾರ ರಿಪೇರಿ ಮಾಡುವ ಗಂಡ ಬೆಳ್ಳಿನೀರಿನ ಬಾಟಲಿ ಹಿಡಿದು ಬಂದ. ಶುದ್ಧ ನೀರಲ್ಲಿ ಎರಡು ಬೆಳ್ಳಿ ತಂತಿ ಇಳಿಬಿಟ್ಟು, ಬ್ಯಾಟರಿ ಕಟ್ಟಿ ತಾನೇ ಮಾಡಿದ್ದು. ಇದು ಎಲ್ಲ ರೋಗಕ್ಕೂ ಮದ್ದು ಅಂತ ನಂಬಿ ತಿಂಗಳುಗಟ್ಟಲೆ ತಾನೂ ಕುಡಿದಿದ್ದ.

“ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಕಣ ಇದೆ. ಮಗೂಗೂ ಒಂದು ಚಮಚ ಕೊಡೋಣ.”

“ಎಷ್ಟು ಬೆಳ್ಳಿ ಇದೆ ಅಂತ ಗೊತ್ತೇನ್ರೀ?”

ನೀರು ಪರೀಕ್ಷಿಸುವ, ಪೆನ್ನಿನಂಥ ಮೀಟರನ್ನು ಬಾಟಲಿಗೆ ಅದ್ದಿದ. “ನೋಡು, ಲೀಟರಿಗೆ ಬರೀ ಹತ್ತು ಮಿಲಿಗ್ರಾಂ.”

“ನಿನ್ನೆ ಇದೇ ಬಾಟಲಿ ಹದಿನೈದು ತೋರಿಸ್ತು! ಮಿಕ್ಕಿದ್ದು ಎಲ್ಲಿ ಹೋಯ್ತು?”

ಗಂಡ ಮೀಟರನ್ನು ಒರೆಸಿ ಮತ್ತೆ ಅದ್ದಿದ. ಮತ್ತೆ ಹತ್ತೇ. ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ನೀರು ಪರೀಕ್ಷೆಯ ಲ್ಯಾಬಿನಲ್ಲಿರುವ ನಾದಿನಿಗೆ ಫೋನು ಮಾಡಿ ಕರೆಸಿದಳು.

ನಾದಿನಿ ಬಂದವಳೇ ಮೀಟರನ್ನು ಬರೀ ನಲ್ಲಿನೀರಿಗೆ ಅದ್ದಿದಳು. ಇನ್ನೂರು ದಾಟಿತು!

“ಅಯ್ಯೋ, ನಲ್ಲೀಲಿ ಬೆಳ್ಳಿ ಬರ್ತಿದ್ಯಾ?” ಅಕ್ಕ ಬಾಯಿ ಬಿಟ್ಟಳು.

“ಅದು ಉಪ್ಪಿನಂಶ, ಅತ್ತಿಗೆ. ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತಷ್ಟೇ ಈ ಮೀಟರ್ ನೋಡೋದು. ಪೂರ್ತಿ ಕರಗಿದ ಬೆಳ್ಳಿ ಇದಕ್ಕೆ ಸ್ವಲ್ಪ ಸಿಗುತ್ತೆ. ಕಣವಾಗಿ ತೇಲೋ ಬೆಳ್ಳಿ ಸಿಗೋದೇ ಇಲ್ಲ. ನಿನ್ನೆ ಕರಗಿದ್ದದ್ದು ಇವತ್ತು ಕಣವಾಗಿದ್ರೆ ಅಂಕಿ ಇಳಿಯುತ್ತೆ, ಬೆಳ್ಳಿ ಬಾಟಲೀಲೇ ಇರುತ್ತೆ.”

“ಹಾಗಾದ್ರೆ ಹತ್ತು ಅಂದ್ರೆ ಹತ್ತಲ್ವಾ?”

“ಐದಿರಬಹುದು, ಐವತ್ತೂ ಇರಬಹುದು. ಕಣಗಳನ್ನ ಆಸಿಡ್‌ನಲ್ಲಿ ಕರಗಿಸಿ, ಬೆಳ್ಳಿಯನ್ನೇ ಗುರುತು ಹಿಡಿಯೋ ಯಂತ್ರದಲ್ಲಿ ಅಳೆದರೆ ನಿಜ ಗೊತ್ತಾಗೋದು.”

ಗಂಡ ಪಟ್ಟು ಬಿಡಲಿಲ್ಲ. “ಸರಿ, ನಿನ್ನ ಲ್ಯಾಬಲ್ಲೇ ಅಳೆಸಿ ಕುಡೀತೀನಿ.”

ಆಗ ನಾದಿನಿಯ ಕಣ್ಣು ಅಣ್ಣನ ಉಗುರುಗಳ ಮೇಲೆ ಬಿತ್ತು. ಬುಡದಲ್ಲಿ ಬೂದುನೀಲಿ. ಅದು ಗಡಿಯಾರದ ಎಣ್ಣೆಕಲೆ ಅಂದುಕೊಂಡು ಅಕ್ಕ ಎಷ್ಟೋ ಸಲ ಸೋಪು ಹಾಕಿ ಉಜ್ಜಿಸಿದ್ದಳು.

“ಇದು ಕಲೆಯಲ್ಲ ಅನ್ಸುತ್ತೆ,” ನಾದಿನಿಯ ದನಿ ಕುಗ್ಗಿತು. “ಕುಡಿದ ಬೆಳ್ಳಿ ಮೈಯಲ್ಲೇ ಉಳಿದುಬಿಡುತ್ತೆ ಅಣ್ಣಾ. ಸರಿಯಾಗಿ ಅಳೆದ ಮಾತ್ರಕ್ಕೆ ಅದು ಔಷಧಿ ಆಗಲ್ಲ. ನಡಿ, ಡಾಕ್ಟರ ಹತ್ರ ಹೋಗೋಣ.”

ಡಾಕ್ಟರೂ ಅದನ್ನೇ ಹೇಳಿದರು. ಈ ಬಣ್ಣ ಬಹುಶಃ ಹೋಗುವುದಿಲ್ಲ ಎಂದರು. ಮಗಳನ್ನು ಪರೀಕ್ಷಿಸಿ ಕೆಮ್ಮಿಗೆ ತಕ್ಕ ಮದ್ದು ಕೊಟ್ಟರು. ನಾದಿನಿ ಬಾಟಲಿಯನ್ನು ಲ್ಯಾಬಿಗೆ ಒಯ್ದಿದ್ದಳು; ವಾರದ ಮೇಲೆ ಫಲಿತಾಂಶ ಬಂತು: ಮೀಟರ್ ಹೇಳಿದ್ದಕ್ಕಿಂತ ಆರು ಪಟ್ಟು ಬೆಳ್ಳಿ.

ಗಂಡ ಬ್ಯಾಟರಿಯಿಂದ ಬೆಳ್ಳಿ ತಂತಿಗಳನ್ನು ಕಿತ್ತು ಹಾಕಿದ. “ಕಮ್ಮಿ ಇದೆ ಅಂತ ಮಗೂಗೆ ಒಂದಲ್ಲ, ಎರಡು ಚಮಚ ಕೊಡೋನಿದ್ದೆ,” ಎಂದ.

ಅಕ್ಕ ಮಗಳನ್ನು ಬರಸೆಳೆದು ಅಪ್ಪಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಮೀಟರ್ ತೋರಿಸಿದ ಅಂಕಿಯನ್ನು ನಂಬುವ ಮೊದಲು, ಅದು ಅಳೆಯುತ್ತಿರುವುದು ಏನನ್ನು ಎಂದು ಕೇಳಿ. ಬೆಳ್ಳಿನೀರು ಕುಡಿಯಬೇಡಿ, ಕುಡಿಸಬೇಡಿ. ಈಗಾಗಲೇ ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.