ಕಾಣದಾದ ತೆಂಗಿನ ಮರ

ಮಾವಿನಕುರ್ವೆಯ ದೇವರಾಜ ಸಮುದ್ರದಿಂದ ದೋಣಿ ತರುವಾಗ ಎಡಗಣ್ಣು ಮುಚ್ಚುತ್ತಿದ್ದ. ದಡದ ಒಂಟಿ ತೆಂಗಿನ ಮರ, ಹಿಂದಿನ ಗುಡ್ಡದ ನೆತ್ತಿ, ಎರಡೂ ಬಲಗಣ್ಣಿಗೆ ಒಂದೇ ಗೆರೆಯಲ್ಲಿ ಕಂಡರೆ ಹೊಳೆ ಸಮುದ್ರ ಸೇರುವ ಅಳಿವೆಯ ಮರಳುದಿಬ್ಬ ತಪ್ಪಿತೆಂದೇ ಲೆಕ್ಕ. ಅಪ್ಪ ಕಲಿಸಿದ ವಿದ್ಯೆ.

ಒಂದು ದಿನ ದೋಣಿ ಮರಳಿಗೆ ಬಡಿದು ವಾಲಿತು. ಎಲ್ಲರೂ ಕೂದಲೆಳೆಯಲ್ಲಿ ಪಾರಾದರು. ಮನೆಗೆ ಬಂದವನೇ ಹೆಂಡತಿ ಸುಬ್ಬಿಯನ್ನು ಕೇಳಿದ: "ಆ ತೆಂಗಿನ ಮರ ಯಾರು ಕಡಿದ್ರೇ?"

"ಯಾರೂ ಕಡೀಲಿಲ್ಲ. ಮರ ಅಲ್ಲೇ ಅದೆ."

ಪಕ್ಕದ ಮನೆಯ ಸುಚಿತಾ ಕಣ್ಣಾಸ್ಪತ್ರೆಯಲ್ಲಿ ನರ್ಸ್. ವಿಷಯ ಕೇಳಿ ಅವನ ಎಡಗಣ್ಣು ಮುಚ್ಚಿಸಿ, ತನ್ನ ಮುಖ ನೋಡಲು ಹೇಳಿದಳು. ಅವನಿಗೆ ಅವಳ ಕಿವಿಗಳು ಕಂಡವು, ಮೂಗು ಕಾಣಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು, ನೋವೇ ಇಲ್ಲವಲ್ಲ ಎಂದು ಈ ಮಹಾಶಯ ಯಾವತ್ತೋ ಬಿಟ್ಟಿದ್ದ. ಬರಲೊಲ್ಲೆ ಎಂದವನನ್ನು ಅವಳು ಆಗಲೇ ಆಸ್ಪತ್ರೆಗೆ ಹೊರಡಿಸಿದಳು.

ಅಲ್ಲಿ ಕಣ್ಣಿನ ಒಳಪರದೆಯ ಚಿತ್ರ ತೆಗೆದು ತೋರಿಸಿದರು. ದೇವರಾಜ ಬೆರಗಾಗಿ ನಿಂತುಬಿಟ್ಟ. ಕೆಂಪು ನೆಲದ ಮೇಲೆ ಕವಲೊಡೆದ ರಕ್ತನಾಳಗಳು, ಥೇಟ್ ಶರಾವತಿಯ ಹಾಗೆ. ಇಷ್ಟು ದೊಡ್ಡ ಸಮುದ್ರವನ್ನು ತೋರಿಸುವುದು ಇಷ್ಟು ಚಿಕ್ಕ ಪರದೆಯೇ ಎಂದು ಅವನ ಕಣ್ಣು ತುಂಬಿತು. ಕೆಲವು ಕವಲುಗಳಲ್ಲಿ ರಕ್ತ ಹರಿಯುತ್ತಿರಲಿಲ್ಲ. ಲೇಸರ್ ಚಿಕಿತ್ಸೆ ಆಗಬೇಕು ಎಂದರು ಡಾಕ್ಟರು.

ಪರದೆಗೆ ಹರಿಯುವ ರಕ್ತ ಕಮ್ಮಿಯಾದರೆ ಅಲ್ಲಿನ ಜೀವಕೋಶಗಳನ್ನು ಕೆಡಿಸುವ ಕಣಗಳು ಹುಟ್ಟುತ್ತವೆ, ಅವನ್ನು ತಡೆಯುವ ಆಂಟಿಆಕ್ಸಿಡೆಂಟ್ ಎಂಬ ಅಂಶಗಳು ಬಸಳೆ, ಹರಿವೆ, ನೆಲ್ಲಿಕಾಯಿಯಲ್ಲಿವೆ ಎಂದು ಸುಚಿತಾ ವಿವರಿಸಿದಳು. ಹಿತ್ತಲ ಬಸಳೆ ಚಪ್ಪರ ನೆನೆದು ಸುಬ್ಬಿಯ ಮುಖ ಅರಳಿತು. ಹಾಗಾದರೆ ಮದ್ದು ಮನೆಯಲ್ಲೇ ಇದೆ, ಲೇಸರ್ ಎಂತಕ್ಕೆ ಎಂದಳು.

"ಸುಬ್ಬಕ್ಕ, ಸೊಪ್ಪು ಕಣ್ಣಿನ ಕಾವಲಿಗೆ ಆತು. ಹೊಳೆಯೇ ಕಟ್ಟಿದ್ರೆ ಕಾವಲಿನವ ಎಂತ ಮಾಡ್ತ? ಸಕ್ಕರೆ, ಬಿಪಿ ಹಿಡಿತದಲ್ಲಿರಬೇಕು. ಡಾಕ್ಟರು ಹೇಳಿದ ಚಿಕಿತ್ಸೆನೂ ಆಗಬೇಕು," ಎಂದಳು ಸುಚಿತಾ.

"ಆತು, ಮಾಡಿಸ್ತೆ," ಎಂದ ದೇವರಾಜ. "ನನ್ನ ನಂಬಿ ದೋಣಿ ಹತ್ತುವವರಿದ್ದಾರೆ."

ಚಿಕಿತ್ಸೆ ಆಯಿತು. ಹೋದ ನೋಟ ಪೂರ್ತಿ ಮರಳಲಿಲ್ಲ, ಉಳಿದದ್ದು ಉಳಿಯಿತು. ಈಗ ಮಾತ್ರೆ ತಪ್ಪುವುದಿಲ್ಲ, ಬಸಳೆಯೂ ತಪ್ಪುವುದಿಲ್ಲ. ಚುಕ್ಕಾಣಿಯನ್ನು ತಮ್ಮ ವಿನೋದನಿಗೆ ಕೊಟ್ಟು, ತಾನು ಪಕ್ಕದಲ್ಲಿ ಕೂತು ಗೆರೆ ಹಿಡಿಯುವುದನ್ನು ಕಲಿಸುತ್ತಾನೆ.

ಓದುವವರೇ, ಈಗಲೇ ಒಂದೊಂದೇ ಕಣ್ಣು ಮುಚ್ಚಿ ದೂರದ ಮರ ನೋಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಎಲ್ಲ ಸರಿಯಾಗಿ ಕಂಡರೂ ವರ್ಷಕ್ಕೊಮ್ಮೆ ಒಳಪರದೆ ಪರೀಕ್ಷಿಸಿಕೊಳ್ಳಿ. ನೋಟ ಥಟ್ಟನೆ ಮಸುಕಾದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮರ ಕಾಣದಿದ್ದರೆ, ಕಡಿದವರನ್ನು ಹುಡುಕಬೇಡಿ. ಮೊದಲು ಕಣ್ಣು ತೋರಿಸಿ.